ಬೆಲ್ಜಿಯಂ ಕಲಾವಿದರ ಚಿತ್ರಗಳ ಹರಾಜು ಬೆಲೆ: ಸ್ಪಿಲಿಯಾರ್ಟ್ ಉದಾಹರಣೆಯೊಂದಿಗೆ

ಬ್ರಸೆಲ್ಸ್‌ನ ಜೂ ದ ಬಾಲ್ ಚೌಕದ ಹಳೆ ಸಾಮಾನುಗಳ ಸಂತೆಯಲ್ಲೋ ಫ್ಲಾಂಡರ್ಸ್‌ನ ಯಾವುದಾದರೂ ಕ್ರಿಂಗ್‌ವಿಂಕೆಲ್ ಎಂಬ ಬಳಸಿದ ಸಾಮಾನುಗಳ ಅಂಗಡಿಯಲ್ಲೋ ಕೊಂಡ ಚಿತ್ರದ ಮೂಲೆಯಲ್ಲಿ ದೊಡ್ಡ ಹೆಸರಿನ ಸಹಿ ಕಂಡಾಗ, ಬೆಲ್ಜಿಯಂನಲ್ಲಿ ನೆಲೆಸಿರುವ ನಮ್ಮವರಲ್ಲಿ ಹೆಚ್ಚಿನವರು ಮೊದಲು ಹುಡುಕುವುದು ಆ ಕಲಾವಿದನ ದಾಖಲೆ ಬೆಲೆಯನ್ನು. ಬೆಲ್ಜಿಯಂನ ಚಿತ್ರಕಾರ ಮ್ಯಾಗ್ರಿಟ್‌ನ ‘ಬೆಳಕಿನ ಸಾಮ್ರಾಜ್ಯ’ ಸರಣಿಯ 1954ರ ಚಿತ್ರ 2024ರ ನವೆಂಬರ್‌ನಲ್ಲಿ ನ್ಯೂಯಾರ್ಕ್‌ನಲ್ಲಿ 12.1 ಕೋಟಿ ಡಾಲರ್‌ಗೆ ಹರಾಜಾದದ್ದು ನಿಜ. ಆದರೆ ನಿಮ್ಮ ಕೈಯಲ್ಲಿರುವ ಚಿತ್ರದ ಬೆಲೆಯನ್ನು ಆ ಅಂಕಿಯಿಂದ ಅಳೆಯಲಾಗದು. ಅದೇ ಕಲಾವಿದ, ಅದೇ ಕಾಲದಲ್ಲಿ, ಅದೇ ಮಾಧ್ಯಮದಲ್ಲಿ, ಅಂಥದೇ ವಸ್ತುವನ್ನು ಚಿತ್ರಿಸಿದ ಕೃತಿಗೆ ಇತ್ತೀಚಿನ ವರ್ಷಗಳಲ್ಲಿ ಹರಾಜಿನ ಸವಾಲು ಎಲ್ಲಿಯವರೆಗೆ ಏರಿತು ಎಂಬುದೊಂದೇ ನಂಬಬಹುದಾದ ಅಳತೆಗೋಲು.

ಇದಕ್ಕೆ ಲೆಯೋಂ ಸ್ಪಿಲಿಯಾರ್ಟ್‌ಗಿಂತ ಒಳ್ಳೆಯ ಉದಾಹರಣೆ ನನಗೆ ತೋರುತ್ತಿಲ್ಲ. 1881ರಲ್ಲಿ ಓಸ್ಟೆಂಡ್‌ನಲ್ಲಿ ಹುಟ್ಟಿ 1946ರಲ್ಲಿ ಬ್ರಸೆಲ್ಸ್‌ನಲ್ಲಿ ತೀರಿಕೊಂಡ ಈತ ಹೆಚ್ಚಾಗಿ ಕಾಗದದ ಮೇಲೆಯೇ ಕೆಲಸ ಮಾಡಿದವನು; ಇಂಡಿಯನ್ ಇಂಕ್, ಜಲವರ್ಣ, ಪ್ಯಾಸ್ಟಲ್, ಗೌವಾಶ್ (ಅಪಾರದರ್ಶಕ ಜಲವರ್ಣ) ಇವುಗಳನ್ನು ಒಂದೇ ಹಾಳೆಯಲ್ಲಿ ಬೆರೆಸುತ್ತಿದ್ದವನು. ನಿದ್ರೆ ಬಾರದ ರಾತ್ರಿಗಳಲ್ಲಿ ಓಸ್ಟೆಂಡ್‌ನ ನಿರ್ಜನ ಕಡಲದಂಡೆಯಲ್ಲಿ ಅಲೆದಾಡಿ ಕಂಡದ್ದನ್ನು, ಮತ್ತು ಕನ್ನಡಿಯಲ್ಲಿ ಕಂಡ ತನ್ನದೇ ಮುಖವನ್ನು, 1907–08ರ ಸುಮಾರಿಗೆ ಆತ ಚಿತ್ರಿಸಿದ ಕಪ್ಪು ಹಾಳೆಗಳನ್ನು ನೋಡಿದವರು ಮರೆಯಲಾರರು; ಸಂಗ್ರಾಹಕರು ಪೈಪೋಟಿಗಿಳಿಯುವುದೂ ಅವುಗಳಿಗಾಗಿಯೇ. ಬ್ರಸೆಲ್ಸ್‌ನ ಕೊನೆಯ ವರ್ಷಗಳಲ್ಲಿ ಬರೆದ ಮರಗಳ ಚಿತ್ರಗಳು ಸೊಗಸಾಗಿದ್ದರೂ ಅವುಗಳ ಬೆಲೆ ಬಹಳ ಕೆಳಗಿನ ಮಟ್ಟದಲ್ಲಿರುತ್ತದೆ. ಸಹಿ ಒಂದೇ ಆದರೂ ಮಾರುಕಟ್ಟೆ ಎರಡು.

ಬೆಲೆಗೆ ಮೊದಲು ಚಿತ್ರ ಮೂಲವೋ ಅಚ್ಚೋ ಎಂಬುದನ್ನು ಭೂತಗನ್ನಡಿ ಹಿಡಿದು ನೋಡಿಕೊಳ್ಳಬೇಕು. ಬೆಲ್ಜಿಯಂನವರೇ ಆದ ಎನ್ಸೋರ್‌ನ ಎಚಿಂಗ್‌ಗಳು (ಲೋಹದ ತಗಡಿನಿಂದ ತೆಗೆದ ಅಚ್ಚುಗಳು), ಡೆಲ್ವೋನ ಲಿಥೋಗ್ರಾಫ್‌ಗಳು (ಕಲ್ಲಚ್ಚುಗಳು) ಇಲ್ಲಿ ಆಗಾಗ ಕಾಣಸಿಗುತ್ತವೆ. ಅವಕ್ಕೂ ಬೆಲೆಯುಂಟು, ಆದರೆ ಅದರ ಲೆಕ್ಕವೇ ಬೇರೆ. ಅನಂತರ ಚಿತ್ರವನ್ನು ತಿರುಗಿಸಿ ಹಿಂಬದಿಯ ಗ್ಯಾಲರಿ ಚೀಟಿ, ಪ್ರದರ್ಶನದ ಸಂಖ್ಯೆ, ಹಳೆಯ ಹರಾಜಿನ ಗುರುತು ಎಲ್ಲವನ್ನೂ ಛಾಯಾಚಿತ್ರ ತೆಗೆದಿಡಿ. ಹಳೆಯ ಚೌಕಟ್ಟನ್ನು ಬದಲಿಸುವ ಅವಸರ ಬೇಡ, ಏಕೆಂದರೆ ಚಿತ್ರ ಯಾರ ಕೈಯಿಂದ ಯಾರ ಕೈಗೆ ಬಂತು ಎಂಬುದಕ್ಕೆ ಕೆಲವೊಮ್ಮೆ ಅದೊಂದೇ ಸಾಕ್ಷಿಯಾಗಿರುತ್ತದೆ. ಕಾಗದದ ಕೃತಿಯಾದರೆ ಬಿಸಿಲಿಗೆ ಮಾಸಿದ ಬಣ್ಣ, ತೇವದಿಂದ ಬಂದ ಕಂದು ಚುಕ್ಕೆ, ಅಂಚು ಕತ್ತರಿಸಿದ ಗುರುತು ಇವು ಬೆಲೆಯನ್ನು ನೇರವಾಗಿ ಇಳಿಸುತ್ತವೆ. ಬ್ರಸೆಲ್ಸ್‌ನ ರಾಯಲ್ ಇನ್‌ಸ್ಟಿಟ್ಯೂಟ್ ಫಾರ್ ಕಲ್ಚರಲ್ ಹೆರಿಟೇಜ್ ಅಂತರ್ಜಾಲದಲ್ಲಿ ನಡೆಸುವ ಬಾಲಾಟ್ ಚಿತ್ರಸಂಗ್ರಹವನ್ನು ಯಾರು ಬೇಕಾದರೂ ಉಚಿತವಾಗಿ ನೋಡಿ ಹೋಲಿಸಬಹುದು.

ಹಳೆಯ ಹರಾಜುಗಳ ಫಲಿತಾಂಶಗಳನ್ನು ಹೋಲಿಸುವಾಗ ಒಂದು ಎಚ್ಚರ ಬೇಕು. ಕೆಲವು ಪಟ್ಟಿಗಳು ಸುತ್ತಿಗೆ ಬಿದ್ದ ಬೆಲೆಯನ್ನಷ್ಟೇ, ಅಂದರೆ ಕೊನೆಯ ಸವಾಲನ್ನಷ್ಟೇ ಕೊಡುತ್ತವೆ, ಇನ್ನು ಕೆಲವು ಕೊಳ್ಳುವವರು ಹರಾಜು ಸಂಸ್ಥೆಗೆ ತೆರುವ ಕಮಿಷನ್ ಸೇರಿಸಿ ಕೊಡುತ್ತವೆ; ಎರಡನ್ನೂ ಬೆರೆಸಿದರೆ ಲೆಕ್ಕ ತಪ್ಪುತ್ತದೆ. ಮಾರಾಟವಾಗದೆ ಹಿಂದಿರುಗಿದ ಕೃತಿಗಳನ್ನೂ ಗಮನಿಸಿ, ಏಕೆಂದರೆ ಅತಿಯಾದ ಅಂದಾಜು ಎಲ್ಲಿ ಮುಗ್ಗರಿಸಿತು ಎಂಬುದನ್ನು ಅವು ತೋರಿಸುತ್ತವೆ.

ಅನಂತರ ಹರಾಜು ಸಂಸ್ಥೆಗಳಿಗೆ ತೋರಿಸಿ. ಲೋಕೆರೆನ್‌ನ ಡೆ ವಾಯ್‌ಸ್ಟ್, ಆ್ಯಂಟ್‌ವರ್ಪ್‌ನ ಬೆರ್ನಾರ್ಟ್ಸ್, ಬ್ರಸೆಲ್ಸ್‌ನ ಓರ್ಟಾ ಮತ್ತು ವಾಂಡರ್‌ಕಿಂಡರೆ ಈ ದೇಶದಲ್ಲಿ ಹೆಸರಾದವು. ಮಾರುವ ಉದ್ದೇಶದಿಂದ ಹೋದವರಿಗೆ ಮೌಖಿಕ ಅಂದಾಜನ್ನು ಸಾಮಾನ್ಯವಾಗಿ ಉಚಿತವಾಗಿಯೇ ಹೇಳುತ್ತಾರೆ. ಡಚ್ಚಿನಲ್ಲಿ ಇದನ್ನು ಸ್ಖಾಟಿಂಗ್ ಎಂದೂ ಫ್ರೆಂಚಿನಲ್ಲಿ ಎಸ್ಟಿಮಾಸಿಯೋಂ ಎಂದೂ ಕೇಳಿ ಪಡೆಯಬೇಕು. ಒಂದೇ ಕಡೆ ಕೇಳಿ ಒಪ್ಪಿಕೊಳ್ಳದೆ ಎರಡು ಮೂರು ಕಡೆ ಕೇಳುವುದು ಲೇಸು, ಮತ್ತು ಎಲ್ಲರಿಗಿಂತ ಹೆಚ್ಚು ಹೇಳಿದವರನ್ನೇ ಆರಿಸಿಕೊಳ್ಳುವುದು ಲೇಸಲ್ಲ ಎಂಬುದು ನನ್ನ ದೃಢವಾದ ಅಭಿಪ್ರಾಯ. ತಗ್ಗಿನ ಅಂದಾಜು ಜನರನ್ನು ಸವಾಲಿಗೆ ಸೆಳೆಯುತ್ತದೆ. ಒಮ್ಮೆ ಮಾರಾಟವಾಗದೆ ಉಳಿದ ಚಿತ್ರದ ಮೇಲೆ ಕೆಲವು ವರ್ಷ ಅನುಮಾನದ ನೆರಳು ಇರುತ್ತದೆ. ವಿಮೆಗೆ ಬೇಕಾದ ಬೆಲೆ ಹರಾಜು ಬೆಲೆಗಿಂತ ಹೆಚ್ಚಿರುವುದು ಸಹಜ. ಅದಕ್ಕೆ ಶುಲ್ಕ ತೆತ್ತು ಲಿಖಿತ ವರದಿಯನ್ನೇ ಪಡೆಯಬೇಕು.

ಕೈಗೆ ಬರುವ ಹಣದ ಲೆಕ್ಕ ಹೀಗೆ. ಸುತ್ತಿಗೆ 10,000 ಯೂರೋಗೆ ಬಿತ್ತೆಂದುಕೊಳ್ಳಿ. ಕೊಳ್ಳುವವರ ಕಮಿಷನ್ 25% ಇದ್ದರೆ ಅವರು 12,500 ಯೂರೋ ಕೊಡುತ್ತಾರೆ; ಮಾರುವವರ ಕಮಿಷನ್ 15% ಎಂದು ಒಪ್ಪಂದವಾಗಿದ್ದರೆ ನಿಮಗೆ ಉಳಿಯುವುದು 8,500. ಕಲಾವಿದ ಬದುಕಿದ್ದರೆ, ಅಥವಾ ತೀರಿಕೊಂಡು 70 ವರ್ಷ ಕಳೆದಿರದಿದ್ದರೆ, 2,000 ಯೂರೋ ಮತ್ತು ಅದಕ್ಕೆ ಮೇಲ್ಪಟ್ಟ ಮರುಮಾರಾಟದಲ್ಲಿ ಆತನಿಗೆ ಅಥವಾ ವಾರಸುದಾರರಿಗೆ ಪಾಲು ಸಲ್ಲಬೇಕು. ಮೊದಲ 50,000 ಯೂರೋವರೆಗೆ ಅದು 4%, ಮೇಲೆ ಹೋದಂತೆ ದರ ಇಳಿಯುತ್ತದೆ, ಒಟ್ಟು 12,500 ಯೂರೋ ಮೀರುವುದಿಲ್ಲ. ಈ ಹಣ ಮಾರುವವರ ಪಾಲಿನಿಂದ ಹೋಗುತ್ತದೆ. ಸ್ಪಿಲಿಯಾರ್ಟ್‌ನ ವಿಷಯದಲ್ಲಿ ಈ ಹಕ್ಕು 2016ರ ಕೊನೆಗೆ ಮುಗಿದಿದೆ. ಮ್ಯಾಗ್ರಿಟ್‌ಗೆ 2037ರ ಕೊನೆಯವರೆಗೆ ಇರುತ್ತದೆ. ಮೀಸಲು ಬೆಲೆ (ಇದಕ್ಕಿಂತ ಕಡಿಮೆಗೆ ಮಾರಬಾರದೆಂಬ ಮಿತಿ), ಛಾಯಾಚಿತ್ರದ ಖರ್ಚು, ವಿಮೆ, ಮಾರದಿದ್ದರೆ ತೆರಬೇಕಾದ ಶುಲ್ಕ ಇವೆಲ್ಲವೂ ಒಪ್ಪಂದಪತ್ರದಲ್ಲಿ ಬರೆದಿರಬೇಕು.

ಮಾರದೆ ಬೆಂಗಳೂರಿಗೋ ಮೈಸೂರಿಗೋ ಒಯ್ಯುವ ಮನಸ್ಸಿದ್ದರೂ ಬೆಲೆ ತಿಳಿದಿರಲೇಬೇಕು. 50 ವರ್ಷ ದಾಟಿದ ಜಲವರ್ಣ, ಗೌವಾಶ್, ಪ್ಯಾಸ್ಟಲ್ ಕೃತಿಯ ಬೆಲೆ 30,000 ಯೂರೋ ಮೀರಿದರೆ, ರೇಖಾಚಿತ್ರದ್ದು 15,000 ಯೂರೋ ಮೀರಿದರೆ, ತೈಲವರ್ಣದ್ದು 1,50,000 ಯೂರೋ ಮೀರಿದರೆ ಐರೋಪ್ಯ ಒಕ್ಕೂಟದಿಂದ ಹೊರಗೆ ಒಯ್ಯಲು ಪರವಾನಗಿ ಬೇಕು. ಬೆಲ್ಜಿಯಂನಲ್ಲಿ ಅದನ್ನು ಫ್ಲೆಮಿಶ್ ಅಥವಾ ಫ್ರೆಂಚ್ ಸಮುದಾಯಗಳಂಥ ಪ್ರಾಂತೀಯ ಆಡಳಿತಗಳು ಕೊಡುತ್ತವೆ. ಆದ್ದರಿಂದ ವಿಮಾನದ ಟಿಕೆಟ್ ಕಾದಿರಿಸುವ ಮೊದಲೇ ಅರ್ಜಿ ಹಾಕಿ.