ಇಡೀ ದಿನ ಬಾಳುವ ವೇಷ: ಕಾಸ್‌ಪ್ಲೇ ಹವ್ಯಾಸಕ್ಕೆ ಒಂದು ಕೈಪಿಡಿ

ಕಾಸ್‌ಪ್ಲೇ ಎಂದರೆ ಕಾಮಿಕ್ಸ್, ಸಿನಿಮಾ, ವಿಡಿಯೊ ಗೇಮ್ ಮುಂತಾದವುಗಳ ಪಾತ್ರಗಳಂತೆ ವೇಷ ತೊಡುವ ಹವ್ಯಾಸ. ಅಂಥ ವೇಷ ಕಟ್ಟಲು ಕುಳಿತ ಹೊಸಬರಲ್ಲಿ ಹೆಚ್ಚಿನವರು ಕನ್ನಡಿಯ ಮುಂದೆ ನಿಲ್ಲುವ ಹತ್ತು ನಿಮಿಷಗಳನ್ನಷ್ಟೇ ಮನಸ್ಸಿನಲ್ಲಿಟ್ಟುಕೊಂಡು ಕೆಲಸ ಆರಂಭಿಸುತ್ತಾರೆ. ಆದರೆ ಆ ವೇಷದ ನಿಜವಾದ ಪರೀಕ್ಷೆ ನಡೆಯುವುದು ಇಂಥ ಕಥೆಗಳ ಅಭಿಮಾನಿಗಳು ಸೇರುವ ಸಮಾವೇಶದಲ್ಲಿ. ಅದನ್ನು ತೊಟ್ಟವರು ಪ್ರವೇಶದ್ವಾರದ ಉದ್ದ ಸಾಲಿನಲ್ಲಿ ನಿಲ್ಲಬೇಕು, ಮೆಟ್ಟಿಲು ಹತ್ತಿಳಿಯಬೇಕು, ಕಿಕ್ಕಿರಿದ ಮಳಿಗೆಗಳ ನಡುವೆ ನುಸುಳಬೇಕು, ಶೌಚಾಲಯಕ್ಕೆ ಹೋಗಿಬರಬೇಕು, ಇಷ್ಟೆಲ್ಲ ಆದ ಮೇಲೂ ಸಂಜೆಯ ಹೊತ್ತಿಗೆ ಫೋಟೋಗೆ ನಿಲ್ಲುವಷ್ಟು ಚೆನ್ನಾಗಿ ಕಾಣಬೇಕು. ಆದ್ದರಿಂದ ಸಮಾವೇಶದ ದಿನವನ್ನು ಮೊದಲು ಕಲ್ಪಿಸಿಕೊಂಡು, ಅಲ್ಲಿಂದ ಹಿಂದಕ್ಕೆ ಯೋಚಿಸುತ್ತ ಬಟ್ಟೆ, ಫೋಮ್, ವಿಗ್ ಎಲ್ಲವನ್ನೂ ಆರಿಸಿಕೊಳ್ಳುವುದೇ ಸರಿಯಾದ ಕ್ರಮವೆಂದು ನನ್ನ ಅಭಿಪ್ರಾಯ.

ನಿಯಮಗಳಿಂದ ಆರಂಭಿಸಿ

ವೇಷ ತೊಟ್ಟು ಸಮಾವೇಶಕ್ಕೆ ಹೋಗುವ ರೂಢಿ ಹೊಸದೇನಲ್ಲ. 1939ರಲ್ಲಿ ನ್ಯೂಯಾರ್ಕಿನಲ್ಲಿ ನಡೆದ ಮೊದಲ ವಿಶ್ವ ವಿಜ್ಞಾನ ಕಥಾಸಾಹಿತ್ಯ ಸಮಾವೇಶಕ್ಕೆ ಅಮೆರಿಕದ ಅಭಿಮಾನಿಗಳಾದ ಫಾರೆಸ್ಟ್ ಆಕರ್‌ಮನ್ ಮತ್ತು ಮಿರ್ಟಲ್ ಡಗ್ಲಸ್ ಭವಿಷ್ಯದ ಕಾಲದ ಉಡುಪಿನಲ್ಲಿ ಬಂದಿದ್ದರು. ಎರಡನ್ನೂ ಹೊಲಿದವರು ಡಗ್ಲಸ್. ಅಮೆರಿಕದ ಸ್ಯಾನ್ ಡಿಯಾಗೋದಲ್ಲಿ ಕಾಮಿಕ್-ಕಾನ್ ಎಂಬ ಸಮಾವೇಶ 1970ರಲ್ಲಿ, ಟೋಕಿಯೋದಲ್ಲಿ ಕಾಮಿಕೆಟ್ ಎಂಬ ಕಾಮಿಕ್ಸ್ ಮೇಳ 1975ರಲ್ಲಿ ಆರಂಭವಾದವು, ಜಪಾನಿನ ನಗೋಯಾದಲ್ಲಿ 2003ರಿಂದ ವಿಶ್ವ ಕಾಸ್‌ಪ್ಲೇ ಶೃಂಗಸಭೆ ನಡೆಯುತ್ತಿದೆ. ಹೀಗೆ ಬೇರೆ ಬೇರೆ ನೆಲದಲ್ಲಿ ಬೆಳೆದ ಹವ್ಯಾಸವಾದ್ದರಿಂದ ಒಂದೊಂದು ಕಡೆಯ ನಿಯಮ ಒಂದೊಂದು ಬಗೆಯದು. ಕಾಮಿಕೆಟ್‌ಗೆ ಮನೆಯಿಂದಲೇ ವೇಷದಲ್ಲಿ ಬರುವಂತಿಲ್ಲ. ಅಲ್ಲಿ ಅದಕ್ಕೆಂದೇ ಇರುವ ಕೋಣೆಯಲ್ಲಿ ತೊಟ್ಟುಕೊಂಡು, ಹೊರಡುವ ಮುನ್ನ ಕಳಚಿಡಬೇಕು. ಅಮೆರಿಕದ ಸಮಾವೇಶಗಳಲ್ಲಿ ಹೋಟೆಲಿನಿಂದಲೇ ವೇಷದಲ್ಲಿ ನಡೆದುಬರುವುದು ಸಾಮಾನ್ಯ. ಇದು ಸಣ್ಣ ವ್ಯತ್ಯಾಸವಲ್ಲ: ಜನ ತುಂಬಿದ ಕೋಣೆಯಲ್ಲಿ, ಇಕ್ಕಟ್ಟಿನಲ್ಲಿ, ಯಾರ ನೆರವೂ ಇಲ್ಲದೆ ತೊಡಬೇಕಾದ ವೇಷವನ್ನು ಬೆನ್ನ ಹಿಂದೆ ಕಟ್ಟುವ ದಾರಗಳಿಂದ ತುಂಬಿಸಿದರೆ ಬೆಳಗಿನ ಅರ್ಧ ಭಾಗ ಅಲ್ಲಿಯೇ ಕಳೆದುಹೋಗುತ್ತದೆ.

ಪಾತ್ರವನ್ನು ಅಂತಿಮಗೊಳಿಸುವ ಮುನ್ನವೇ ಸಂಘಟಕರು ಪ್ರಕಟಿಸುವ ನಿಯಮಾವಳಿಯನ್ನು ಪೂರ್ತಿಯಾಗಿ ಓದಬೇಕು. ನಿಜವಾದ ಅಲಗುಳ್ಳ ಆಯುಧವನ್ನು ಬಹುತೇಕ ಯಾವ ಸಮಾವೇಶವೂ ಒಳಗೆ ಬಿಡುವುದಿಲ್ಲ. ಆಟಿಕೆಯ ಬಂದೂಕಾದರೂ ಅಸಲಿಯಂತೆ ಕಂಡರೆ ಅಡ್ಡಿಯಾಗಬಹುದು. ಆಯುಧದ ಉದ್ದಕ್ಕೆ, ರೆಕ್ಕೆಗಳ ಅಗಲಕ್ಕೆ, ಚಕ್ರವಿರುವ ವಸ್ತುಗಳಿಗೆ ಮಿತಿಗಳಿರುತ್ತವೆ. ಅನೇಕ ಕಡೆ ಬಾಗಿಲಲ್ಲಿ ಆಯುಧಗಳನ್ನು ಪರೀಕ್ಷಿಸಿ, ಒರೆಯಿಂದ ತೆಗೆಯಲಾಗದಂತೆ ಪ್ಲಾಸ್ಟಿಕ್ ಪಟ್ಟಿಯಿಂದ ಬಿಗಿದು, ಗುರುತಿನ ಚೀಟಿ ಕಟ್ಟಿ ಕಳುಹಿಸುತ್ತಾರೆ. ಎರಡು ಮೀಟರಿನ ಈಟಿಯೊಂದನ್ನು ಮಾಡುವುದಿದ್ದರೆ ಅದನ್ನು ಎರಡು ಮೂರು ತುಂಡುಗಳಾಗಿ ಕಳಚುವಂತೆ ಮೊದಲೇ ಯೋಜಿಸಿಕೊಳ್ಳುವುದು ಲೇಸು, ಏಕೆಂದರೆ ಬಾಗಿಲಲ್ಲಿ ಅನುಮತಿ ಸಿಕ್ಕರೂ ಬಸ್ಸಿನಲ್ಲಿ ಸಿಗಲಿಕ್ಕಿಲ್ಲ.

ಪಾತ್ರದ ಆಯ್ಕೆ

ಮನಸ್ಸಿಗೆ ಹಿಡಿಸಿದ ಪಾತ್ರವನ್ನೇ ಆರಿಸಿಕೊಳ್ಳಿ. ನಿಮ್ಮ ಎತ್ತರ, ಮೈಕಟ್ಟು, ವಯಸ್ಸು, ಲಿಂಗ ಯಾವುದೂ ಪಾತ್ರಕ್ಕೆ ಹೊಂದಬೇಕೆಂಬ ಕಟ್ಟಳೆಯಿಲ್ಲ. ಮೊದಲ ವೇಷಕ್ಕೆ ಮಾತ್ರ ಒಂದೇ ಹೊಸ ಕೌಶಲ ಬೇಡುವ ಪಾತ್ರ ಒಳ್ಳೆಯದು. ಹೊಲಿಗೆ, ಕವಚ, ವಿಗ್ ವಿನ್ಯಾಸ ಮೂರನ್ನೂ ಒಟ್ಟಿಗೆ ಕಲಿಯಹೊರಟರೆ ಮೂರೂ ಅರ್ಧಕ್ಕೆ ನಿಲ್ಲುತ್ತವೆ. ಕಪಾಟಿನಲ್ಲಿರುವ ಅಂಗಿ, ಪ್ಯಾಂಟು, ಕೋಟುಗಳನ್ನೇ ಜೋಡಿಸಿ, ಗುರುತು ಹಿಡಿಯುವಂಥ ಒಂದೆರಡು ವಸ್ತುಗಳನ್ನು ಸೇರಿಸಿ ಮಾಡಿದ ವೇಷವೂ ಕಾಸ್‌ಪ್ಲೇಯೇ. ಸಿದ್ಧ ಉಡುಪನ್ನು ಕೊಂಡು ತೊಡುವವರನ್ನು ಕೆಲವರು ಕೀಳಾಗಿ ನೋಡುವುದುಂಟು. ಆ ಧೋರಣೆಗೆ ಅರ್ಥವಿಲ್ಲ. ಸ್ಪರ್ಧೆಯಲ್ಲಿ ಮಾತ್ರ ಕೊಂಡದ್ದನ್ನು ಸ್ವತಃ ಮಾಡಿದ್ದೆಂದು ಹೇಳಬಾರದು, ಅಷ್ಟೆ.

ಪಾತ್ರದ ಚಿತ್ರಗಳನ್ನು ಮುಂದಿನಿಂದ, ಹಿಂದಿನಿಂದ, ಪಕ್ಕದಿಂದ ಸಂಗ್ರಹಿಸಿಕೊಳ್ಳಿ. ವಿಡಿಯೊ ಗೇಮ್ ಪಾತ್ರವಾದರೆ ಪರದೆಯ ಮೇಲೆ ಅದನ್ನು ತಿರುಗಿಸಿ ಎಲ್ಲ ಕೋನಗಳಿಂದ ನೋಡಬಹುದು. ಕೈಯಿಂದ ಬರೆದ ಚಿತ್ರಗಳ ಪಾತ್ರವಾದರೆ ಒಂದೊಂದು ಚಿತ್ರದಲ್ಲಿ ಗುಂಡಿಗಳ ಸಂಖ್ಯೆಯೂ ಬದಲಾಗುತ್ತಿರುತ್ತದೆ. ಯಾವುದನ್ನು ಪ್ರಮಾಣವೆಂದು ಹಿಡಿಯಬೇಕೆಂದು ಆರಂಭದಲ್ಲಿಯೇ ತೀರ್ಮಾನಿಸಿ.

ಬಟ್ಟೆಯ ಕೆಲಸ

ಹೊಳೆಯುವ ಅಗ್ಗದ ಸ್ಯಾಟಿನ್ ಅಂಗಡಿಯಲ್ಲಿ ಸೊಗಸಾಗಿ ಕಾಣುತ್ತದೆ, ಆದರೆ ಕ್ಯಾಮೆರಾದ ಫ್ಲ್ಯಾಶ್‌ಗೆ ಅದರ ಪ್ರತಿಯೊಂದು ಸುಕ್ಕೂ ಎದ್ದು ಕಾಣುತ್ತದೆ. ತುಸು ದಪ್ಪನೆಯ, ಮಂದ ಮೈಯ ಬಟ್ಟೆ ಫೋಟೋದಲ್ಲಿಯೂ ಬಾಳಿಕೆಯಲ್ಲಿಯೂ ಮೇಲು. ಕುಗ್ಗುವ ಬಟ್ಟೆಯನ್ನು ಕತ್ತರಿಸುವ ಮುನ್ನ ಒಗೆದು ಇಸ್ತ್ರಿ ಮಾಡಿ. ಮೊದಲು ಅಗ್ಗದ ಹತ್ತಿ ಬಟ್ಟೆಯಲ್ಲಿ ಮಾದರಿಯೊಂದನ್ನು ಹೊಲಿದು ತೊಟ್ಟು, ಕುಳಿತು, ಬಗ್ಗಿ, ಎರಡೂ ಕೈಗಳನ್ನು ಮೇಲೆತ್ತಿ ನೋಡಿ. ಕಂಕುಳಲ್ಲಿ ಬಿಗಿಯುವುದು ಈ ಹಂತದಲ್ಲಿಯೇ ತಿಳಿದರೆ ದುಬಾರಿ ಬಟ್ಟೆ ಉಳಿಯುತ್ತದೆ. ಹಿಗ್ಗುವ ಬಟ್ಟೆಗೆ ಮೊನೆ ದುಂಡಗಿರುವ ಸೂಜಿ ಮತ್ತು ಅಂಕುಡೊಂಕಾದ ಹೊಲಿಗೆ ಬೇಕು. ನೇರ ಹೊಲಿಗೆ ಹಾಕಿದರೆ ಮೊದಲ ಬಾರಿ ಕುಕ್ಕರುಗಾಲಲ್ಲಿ ಕುಳಿತಾಗಲೇ ದಾರ ಪಟಪಟನೆ ಹರಿಯುತ್ತದೆ. ಮೈಗೆ ಅಂಟುವ ಒಂದೇ ತುಂಡಿನ ಉಡುಪಾದರೆ ಶೌಚಾಲಯದಲ್ಲಿ ಒಬ್ಬರೇ ಬಿಚ್ಚಿ ತೊಡುವುದು ಹೇಗೆಂದು ಯೋಚಿಸಿ, ಝಿಪ್ಪಿನ ಜಾಗವನ್ನು ಅದಕ್ಕೆ ತಕ್ಕಂತೆ ನಿರ್ಧರಿಸಿ.

ಕವಚ ಮತ್ತು ಆಯುಧ

ಕವಚ, ಶಿರಸ್ತ್ರಾಣ, ಕತ್ತಿ ಇವಕ್ಕೆಲ್ಲ ಇವಿಎ ಎಂಬ ಹಗುರವಾದ, ಬಾಗುವ ಫೋಮ್ ಸಾಮಾನ್ಯ ಆಯ್ಕೆ. ವ್ಯಾಯಾಮದ ಕೋಣೆಯ ನೆಲಕ್ಕೆ ಹಾಸುವ, ಅಂಚುಗಳು ಒಂದಕ್ಕೊಂದು ಕೂಡಿಕೊಳ್ಳುವ ಚಾಪೆಗಳು ಹೆಚ್ಚಾಗಿ ಇದೇ ವಸ್ತುವಿನಿಂದ ಮಾಡಿದವು. ಎದೆಯ ಕವಚಕ್ಕೆ ಸುಮಾರು 10 ಮಿಲಿಮೀಟರ್, ಮುಂಗೈಗೆ 5 ಮಿಲಿಮೀಟರ್, ಅಂಚಿನ ಅಲಂಕಾರಕ್ಕೆ 2 ಮಿಲಿಮೀಟರ್ ದಪ್ಪದ ಹಾಳೆಗಳು ಒಪ್ಪುತ್ತವೆ.

ಅಳತೆಯನ್ನು ಮೈಯಿಂದಲೇ ತೆಗೆಯುವ ಉಪಾಯವೊಂದಿದೆ. ಹಳೆಯ ಬಟ್ಟೆಯ ಮೇಲೆ, ಉಸಿರಾಟಕ್ಕೆ ಅಡ್ಡಿಯಾಗದಷ್ಟು ಸಡಿಲವಾಗಿ, ಅಡುಗೆಮನೆಯ ತೆಳು ಪ್ಲಾಸ್ಟಿಕ್ ಹಾಳೆಯನ್ನು ಸುತ್ತಿ, ಅದರ ಮೇಲೆ ಕಾಗದದ ಟೇಪನ್ನು ಪೂರ್ತಿಯಾಗಿ ಅಂಟಿಸಿ. ಕವಚದ ಗೆರೆಗಳನ್ನು ಟೇಪಿನ ಮೇಲೆಯೇ ಬರೆದು, ಮಧ್ಯರೇಖೆಯನ್ನೂ ಎರಡು ತುಂಡುಗಳು ಸೇರುವ ಕಡೆ ಅಡ್ಡಗೀಟುಗಳನ್ನೂ ಗುರುತಿಸಿದ ಬಳಿಕ, ಗೆಳೆಯರೊಬ್ಬರ ಕೈಯಲ್ಲಿ ಮೊಂಡು ತುದಿಯ ಕತ್ತರಿಯಿಂದ ಬಿಡಿಸಿಕೊಳ್ಳಿ. ಬಿಡಿಸಿದ ತುಂಡು ಮೇಜಿನ ಮೇಲೆ ಎಲ್ಲಿ ಚಪ್ಪಟೆಯಾಗಿ ಮಲಗುವುದಿಲ್ಲವೋ ಅಲ್ಲಿ ಒಂದು ಸೀಳು ಬೇಕೆಂದು ಅರ್ಥ. ನಂತರ ಕಾಗದಕ್ಕೆ, ಕಾಗದದಿಂದ ಫೋಮ್‌ಗೆ ಇಳಿಸಿ, ಎಡ ಬಲಗಳನ್ನು ಬರೆದಿಡಿ.

ಫೋಮ್ ಕತ್ತರಿಸುವ ಬ್ಲೇಡ್ ಬೇಗ ಮೊಂಡಾಗುತ್ತದೆ. ಅಂಚಿನಲ್ಲಿ ಹಲ್ಲುಹಲ್ಲಾಗಿ ಕಿತ್ತುಬಂದಂತೆ ಕಂಡರೆ ಕೈಗೆ ಬಲ ಹಾಕಬೇಡಿ, ಬ್ಲೇಡ್ ಬದಲಿಸಿ. ಒಂದೇ ಏಟಿಗೆ ಸೀಳುವ ಬದಲು ಒಂದೇ ಗೆರೆಯಲ್ಲಿ ಎರಡು ಮೂರು ಬಾರಿ ಹಗುರವಾಗಿ ಎಳೆಯಿರಿ. ಕತ್ತರಿಸಿದ ತುಂಡಿನ ಮೇಲೆ ಬಿಸಿ ಗಾಳಿ ಊದುವ ಹೀಟ್ ಗನ್ ಅನ್ನು ನಿಲ್ಲಿಸದೆ ಆಡಿಸುತ್ತಿದ್ದರೆ ಮೈಯ ಹೊಳಪು ತುಸು ಬದಲಾಗುವುದು ಕಾಣಿಸುತ್ತದೆ. ಮೇಲಿನ ಸಣ್ಣ ರಂಧ್ರಗಳು ಮುಚ್ಚಿಕೊಂಡಿವೆ ಎಂಬುದಕ್ಕೆ ಅದು ಗುರುತು. ಆ ಬಿಸಿಯಲ್ಲಿಯೇ ಕೈಗವಸು ತೊಟ್ಟು ಬಾಗಿಸಿ, ಆರುವ ತನಕ ಹಿಡಿದರೆ ಆಕಾರ ನಿಲ್ಲುತ್ತದೆ. ಈ ಕೆಲಸದಲ್ಲಿ ನನಗೆ ಅತ್ಯಂತ ಇಷ್ಟವಾದ ಗಳಿಗೆ ಗೆರೆಗಳದ್ದು: ಮೇಲ್ಮೈಯಲ್ಲಿ ಬ್ಲೇಡಿನಿಂದ ಅರ್ಧ ಆಳಕ್ಕೆ ಗೀರಿದ ಗೆರೆ ಮೊದಲು ಕಣ್ಣಿಗೇ ಬೀಳುವುದಿಲ್ಲ, ಶಾಖ ತಗಲಿದೊಡನೆ ಅದು ತಾನಾಗಿ ಬಾಯಿ ಬಿಟ್ಟು, ಲೋಹದ ತಗಡುಗಳು ಕೂಡಿದಂತೆ ತೋಡಾಗಿ ನಿಲ್ಲುತ್ತದೆ.

ಜೋಡಿಸಲು ಪಾದರಕ್ಷೆಗಳಿಗೆ ಬಳಸುವ ಬಗೆಯ ರಬ್ಬರ್ ಅಂಟು ಸೂಕ್ತ. ಎರಡೂ ಅಂಚುಗಳಿಗೆ ತೆಳುವಾಗಿ ಬಳಿದು, ಬೆರಳಿಗೆ ಅಂಟದಷ್ಟು ಆರಲು ಬಿಟ್ಟು, ಆಮೇಲೆ ಒಂದು ತುದಿಯಿಂದ ಒತ್ತುತ್ತ ಹೋಗಬೇಕು. ಒಮ್ಮೆ ಕೂಡಿದ್ದನ್ನು ಸರಿಸಲಾಗದ ಕಾರಣ ಅಡ್ಡಗೀಟುಗಳು ಇಲ್ಲಿ ನೆರವಿಗೆ ಬರುತ್ತವೆ. ಈ ಅಂಟಿನ ಆವಿ ಹಾನಿಕರ, ಜೊತೆಗೆ ಬೆಂಕಿ ಹತ್ತುವಂಥದ್ದು. ಕಿಟಕಿಗಳನ್ನು ತೆರೆದು, ರಾಸಾಯನಿಕ ಆವಿಯನ್ನು ತಡೆಯುವ ಫಿಲ್ಟರ್ ಇರುವ ಮಾಸ್ಕ್ ಧರಿಸಿ. ಸಾಮಾನ್ಯ ಧೂಳಿನ ಮಾಸ್ಕ್ ಆವಿಯನ್ನು ತಡೆಯುವುದಿಲ್ಲ. ಹಸಿ ಅಂಟಿನ ಬಳಿ ಹೀಟ್ ಗನ್ ತರಲೇಬೇಡಿ. ಬಣ್ಣಕ್ಕೆ ಮುನ್ನ ಬಾಗಿದರೂ ಬಿರಿಯದ ರಬ್ಬರಿನಂಥ ಲೇಪ ಬಳಿಯಬೇಕು, ಇಲ್ಲದಿದ್ದರೆ ಮೊಣಕೈ ಮಡಚಿದಲ್ಲೆಲ್ಲ ಬಣ್ಣ ಚಕ್ಕೆ ಚಕ್ಕೆಯಾಗಿ ಉದುರುತ್ತದೆ.

ಕವಚದ ಭಾರ ಕುತ್ತಿಗೆಯ ಮೇಲೆ ಬೀಳದಂತೆ ಅದನ್ನು ಒಳಗಿನ ಗಟ್ಟಿ ಬನಿಯನ್ನಿಗೆ ಅಥವಾ ಸೊಂಟದ ಪಟ್ಟಿಗೆ ಬಕಲುಗಳಿಂದ ಕೂಡಿಸಿ. ತ್ರೀಡಿ ಪ್ರಿಂಟರಿನಿಂದ ಪಿಎಲ್‌ಎ ಪ್ಲಾಸ್ಟಿಕ್ಕಿನಲ್ಲಿ ಅಚ್ಚು ಮಾಡಿದ ಭಾಗಗಳಿದ್ದರೆ ಅವನ್ನು ಬಿಸಿಲಲ್ಲಿ ನಿಂತ ಕಾರಿನೊಳಗೆ ಬಿಡಬಾರದು. ಸುಮಾರು 60 ಡಿಗ್ರಿ ಸೆಲ್ಸಿಯಸ್‌ಗೆ ಆ ಪ್ಲಾಸ್ಟಿಕ್ ಮೆತ್ತಗಾಗಿ ಆಕಾರ ಕೆಡುತ್ತದೆ. ಎಲ್‌ಇಡಿ ದೀಪಗಳ ಸ್ವಿಚ್ಚು ಮತ್ತು ಬ್ಯಾಟರಿ ಕವಚ ಕಳಚದೆ ಕೈಗೆ ಸಿಗುವಂತಿರಲಿ.

ವಿಗ್ ಮತ್ತು ಮುಖ

ಶಾಖ ತಾಳುತ್ತದೆಂದು ಬರೆದಿರದ ಕೃತಕ ಕೂದಲಿಗೆ ಇಸ್ತ್ರಿ ಅಥವಾ ಕರ್ಲಿಂಗ್ ಸಾಧನ ತಗಲಿಸಿದರೆ ಅದು ಕರಗುತ್ತದೆ. ತಲೆಗೂದಲಿನ ಬಣ್ಣ ಇಂಥ ಕೂದಲಿಗೆ ಹಿಡಿಯುವುದಿಲ್ಲ, ಆದ್ದರಿಂದ ಬೇಕಾದ ಬಣ್ಣದ್ದನ್ನೇ ಕೊಳ್ಳಿ. ಬಾಚುವಾಗ ತುದಿಯಿಂದ ಆರಂಭಿಸಿ ಬುಡದ ಕಡೆಗೆ ಸಾಗಬೇಕು. ಸ್ವಂತ ಕೂದಲನ್ನು ಚಪ್ಪಟೆಯಾಗಿ ಹೆಣೆದು, ವಿಗ್ ಕ್ಯಾಪ್ ಎಂಬ ತೆಳು ಟೋಪಿ ಹಾಕಿ, ಅದರ ಮೇಲೆ ವಿಗ್ ಅನ್ನು ಪಿನ್ನುಗಳಿಂದ ಭದ್ರಪಡಿಸಿದ ಬಳಿಕ ತಲೆ ಬಗ್ಗಿಸಿ ಅಲ್ಲಾಡಿಸಿ ಪರೀಕ್ಷಿಸಿ.

ಬಣ್ಣದ ಕಾಂಟ್ಯಾಕ್ಟ್ ಲೆನ್ಸ್ ಬೇಕೆನಿಸಿದರೆ ಕಣ್ಣಿನ ವೈದ್ಯರ ಬಳಿ ಅಳತೆ ಕೊಟ್ಟು ಪಡೆಯಿರಿ. ಮತ್ತೊಬ್ಬರದನ್ನು ಧರಿಸಬೇಡಿ, ಹಾಕಿಕೊಂಡು ಮಲಗಬೇಡಿ. ಹಸಿರು, ನೀಲಿ ಮೈಯ ಕಾಲ್ಪನಿಕ ಜೀವಿಗಳಿಗೆ ಬಣ್ಣ ಬಳಿದುಕೊಳ್ಳುವುದು ಸರಿಯೇ, ಆದರೆ ಬೇರೊಂದು ಜನಾಂಗದ ಪಾತ್ರವನ್ನು ಹೋಲಲು ಮೈಬಣ್ಣವನ್ನು ಬದಲಿಸಿಕೊಳ್ಳುವುದು ಅವಮಾನಕರ. ಉಡುಪು ಮತ್ತು ಕೂದಲಿನಿಂದಲೇ ಪಾತ್ರ ಗುರುತು ಸಿಗುತ್ತದೆ.

ಸಮಾವೇಶದ ದಿನ

ಒಂದು ವಾರ ಮೊದಲೇ ವೇಷವನ್ನು ಬೂಟಿನ ಸಮೇತ ಪೂರ್ತಿ ತೊಟ್ಟು, ಮನೆಯಲ್ಲಿ ಕೆಲವು ಗಂಟೆ ಓಡಾಡಿ. ಎಲ್ಲಿ ಉಜ್ಜುತ್ತದೆ, ಎಷ್ಟು ಬೆವರುತ್ತದೆ, ಒಬ್ಬರೇ ನೀರು ಕುಡಿಯಬಹುದೇ ಎಂಬುದೆಲ್ಲ ಆಗ ತಿಳಿಯುತ್ತದೆ. ಸೂಜಿ ದಾರ, ಸೇಫ್ಟಿ ಪಿನ್ನು, ಎರಡು ಬದಿಯ ಟೇಪು, ಸೂಪರ್ ಗ್ಲೂ, ಹೆಚ್ಚುವರಿ ಬ್ಯಾಟರಿ, ಗಾಯದ ಪಟ್ಟಿ, ಹಗುರ ಚಪ್ಪಲಿ ಇವಿಷ್ಟು ಚೀಲದಲ್ಲಿರಲಿ. ಬಣ್ಣ ಬಳಿದ ಮುಖದವರಿಗೆ ಒಂದು ಸ್ಟ್ರಾ ದೊಡ್ಡ ಉಪಕಾರಿ.

ಶಿರಸ್ತ್ರಾಣದೊಳಗಿಂದ ಕಾಣುವುದು ಕಡಿಮೆ, ಕೇಳುವುದು ಇನ್ನೂ ಕಡಿಮೆ. ಆದ್ದರಿಂದ ದೊಡ್ಡ ವೇಷ ತೊಟ್ಟವರ ಜೊತೆ ಸಾದಾ ಉಡುಪಿನ ಸಂಗಾತಿಯೊಬ್ಬರು ಇರಲೇಬೇಕು: ದಾರಿ ಬಿಡಿಸಲು, ಮೆಟ್ಟಿಲು ತಿಳಿಸಲು, ಮುಖ್ಯವಾಗಿ ನೀರು ಕುಡಿಯಲು ನೆನಪಿಸಲು. ಫೋಮ್ ಗಾಳಿಯಾಡಲು ಬಿಡುವುದಿಲ್ಲವಾದ್ದರಿಂದ ತಲೆ ಸುತ್ತಿದರೆ ಫೋಟೋ ಮುಗಿಯಲೆಂದು ಕಾಯದೆ ತಕ್ಷಣ ಕಳಚಿ. ಹಲವು ದಿನಗಳ ಸಮಾವೇಶಕ್ಕೆ ಹಳಬರು ಹೇಳುವ 6-2-1 ಎಂಬ ಸೂತ್ರವಿದೆ: ದಿನಕ್ಕೆ ಕನಿಷ್ಠ 6 ಗಂಟೆ ನಿದ್ದೆ, 2 ಊಟ, 1 ಸ್ನಾನ. ಕೊನೆಯದು ಪಕ್ಕದಲ್ಲಿ ಕೂರುವವರ ಹಿತಕ್ಕಾಗಿ ಎಂಬುದನ್ನು ಬಿಡಿಸಿ ಹೇಳಬೇಕಿಲ್ಲ. ಭಾರದ ವೇಷಕ್ಕೆ ಒಂದು ದಿನವನ್ನಿಟ್ಟು, ಉಳಿದ ದಿನಗಳಲ್ಲಿ ಹಗುರವಾಗಿ ಹೋದರೆ ಸಂವಾದ ಗೋಷ್ಠಿಗಳಲ್ಲಿ ಕೂರಲು, ಕಲಾವಿದರ ಮಳಿಗೆಗಳನ್ನು ನಿಧಾನವಾಗಿ ನೋಡಲು ಸಾಧ್ಯವಾಗುತ್ತದೆ.

ಫೋಟೋ ತೆಗೆಯುವ ಮುನ್ನ ಕೇಳುವುದು, ಅನುಮತಿಯಿಲ್ಲದೆ ಮೈಯನ್ನಾಗಲಿ ವೇಷವನ್ನಾಗಲಿ ಮುಟ್ಟದಿರುವುದು ಎಲ್ಲೆಡೆಯ ಶಿಷ್ಟಾಚಾರ. ನ್ಯೂಯಾರ್ಕ್ ಕಾಮಿಕ್ ಕಾನ್ 2014ರಲ್ಲಿ, ವೇಷ ತೊಟ್ಟದ್ದನ್ನೇ ಸಮ್ಮತಿಯೆಂದು ತಿಳಿಯಬಾರದೆಂದು ಸಾರುವ ದೊಡ್ಡ ಫಲಕಗಳನ್ನು ಸಭಾಂಗಣದಲ್ಲಿ ನಿಲ್ಲಿಸಿತ್ತು. ಕೇಳಿದವರಿಗೆಲ್ಲ ಒಪ್ಪಬೇಕಾದ ಹಂಗು ನಿಮಗಿಲ್ಲ. ಊಟ ಮಾಡುವಾಗ, ದಣಿದಾಗ ಬೇಡವೆಂದು ನಯವಾಗಿ ಹೇಳಿದರೆ ಸಾಕು. ಒಪ್ಪಿದರೆ ಓಡಾಟದ ದಾರಿ ಬಿಟ್ಟು ಗೋಡೆಯ ಬದಿಗೆ ಸರಿದು ನಿಲ್ಲಿ. ಪಾತ್ರದ ಎರಡು ಮೂರು ಭಂಗಿಗಳನ್ನು ಮನೆಯಲ್ಲಿಯೇ ಅಭ್ಯಾಸ ಮಾಡಿಕೊಂಡಿದ್ದರೆ ಆಗ ಕೈಗಳನ್ನು ಎಲ್ಲಿಡುವುದೆಂದು ತಡಕಾಡಬೇಕಾಗುವುದಿಲ್ಲ. ಯಾರಾದರೂ ಕಿರುಕುಳ ಕೊಟ್ಟರೆ ಹತ್ತಿರದ ಸ್ವಯಂಸೇವಕರಿಗೆ ಕೂಡಲೇ ತಿಳಿಸಿ.

ಸ್ಪರ್ಧೆಗೆ ಇಳಿಯುವವರು ಕೆಲಸದ ಪ್ರತಿ ಹಂತದ ಫೋಟೋಗಳನ್ನು ಜೊತೆಗೆ ಒಯ್ಯಬೇಕು. ಹಲವು ಸ್ಪರ್ಧೆಗಳಲ್ಲಿ ತೀರ್ಪುಗಾರರು ಹತ್ತಿರದಿಂದ ನೋಡುತ್ತಾರೆ, ಒಳಹೊಲಿಗೆಯನ್ನೂ ತಿರುವಿ ನೋಡುತ್ತಾರೆ. ಹೊಸಬರಿಗೂ ನುರಿತವರಿಗೂ ಪ್ರತ್ಯೇಕ ವರ್ಗಗಳಿರುವುದುಂಟು. ಹೊಸಬರು ತಮ್ಮ ವರ್ಗದಲ್ಲಿಯೇ ಹೆಸರು ಕೊಡಲಿ.

ಮನೆಗೆ ಮರಳಿದ ರಾತ್ರಿ ಎಷ್ಟೇ ದಣಿವಿದ್ದರೂ ಬೆವರಿದ ವೇಷವನ್ನು ಚೀಲದೊಳಗೇ ಬಿಡಬೇಡಿ. ಕವಚದ ಒಳಮೈಯನ್ನು ಒದ್ದೆ ಬಟ್ಟೆಯಿಂದ ಒರೆಸಿ ನೆರಳಲ್ಲಿ ಆರಲು ಇಡಿ, ವಿಗ್ ಅನ್ನು ತಣ್ಣೀರಿನಲ್ಲಿ ತೊಳೆದು ಬೋರಲಾಗಿ ಒಣಗಿಸಿ. ಫೋಮ್ ಮೇಲೆ ಭಾರ ಹೇರಿದರೆ ತಗ್ಗು ಬಿದ್ದು ಹಾಗೆಯೇ ಉಳಿಯುವುದರಿಂದ, ಶಿರಸ್ತ್ರಾಣದೊಳಗೆ ಹಳೆಯ ಪತ್ರಿಕೆಗಳನ್ನು ತುರುಕಿ ಪೆಟ್ಟಿಗೆಯಲ್ಲಿ ಎಲ್ಲಕ್ಕಿಂತ ಮೇಲೆ ಇಡಿ. ಕಿತ್ತುಹೋದ ಬಕಲು, ಬಿಟ್ಟ ಹೊಲಿಗೆ ಎಲ್ಲೆಲ್ಲಿವೆಯೆಂದು ಒಂದು ಚೀಟಿಯಲ್ಲಿ ಬರೆದು ಅದರೊಳಗೇ ಸೇರಿಸಿಬಿಡಿ.