ಹಿರಿಯಡ್ಕದ ಬಾವಿಯಲ್ಲಿ ಕಂಡ ಸ್ತರಭಂಗ

ಹಿರಿಯಡ್ಕದ ಹತ್ತಿರ, ಸ್ವರ್ಣಾ ನದಿಯ ದಂಡೆಯಲ್ಲಿ ಪರಿಚಯದವರದ್ದೊಂದು ಅಡಿಕೆ ತೋಟ ಉಂಟು. ಬೇಸಿಗೆಯಲ್ಲಿ ಅಲ್ಲಿ ಬಾವಿ ತೋಡುವಾಗ ಫೋನ್ ಮಾಡಿದರು. "ಕಲ್ಲು ಎರಡಾಗಿ ಜಾರಿದ ಹಾಗೆ ಕಾಣ್ತದೆ ಮಾರಾಯ್ರೇ. ಭೂಕಂಪ ಗಿಂಪ ಆಗ್ಲಿಕ್ಕುಂಟಾ?"

ಇಳಿದು ನೋಡಿದೆ. ತಳದಲ್ಲಿ ನೈಸ್ (gneiss) ಎಂಬ ಪಟ್ಟೆಪಟ್ಟೆಯ ಗಟ್ಟಿ ಕಲ್ಲು. ಅದರಲ್ಲಿ ಬೆರಳು ದಪ್ಪದ ಬಿಳಿ ಬೆಣಚುಕಲ್ಲಿನ ಎಳೆ. ಬಿರುಕಿನ ಹತ್ತಿರ ಅದು ತಟ್ಟನೆ ಕಡಿದು, ಆಚೆ ಬದಿಯಲ್ಲಿ ಒಂದು ಮೊಳ ಕೆಳಗೆ ಮತ್ತೆ ಶುರುವಾಗಿತ್ತು. ಬಿರುಕಿನ ಮೈ ಕೈಗೆ ನುಣ್ಣಗೆ ಸಿಗುತ್ತಿತ್ತು. ಮೇಲಿಂದ ಕೆಳಗೆ ಗೀರುಗಳು, ನಡುವೆ ಕಲ್ಲು ಅರೆದು ಆದ ಬೂದು ಜೇಡಿ. ಬಿರುಕಿನ ಗುಂಟ ಕಲ್ಲು ಜಾರಿದೆ, ಅಂದರೆ ಸ್ತರಭಂಗವೇ, ಅನುಮಾನ ಬೇಡ.

ಜಾರುವುದು ಯಾವಾಗ ನಿಂತಿತು? ಅದಕ್ಕೆ ಉತ್ತರ ಮೇಲಿನ ಪದರದಲ್ಲಿ ಇರುತ್ತದೆ. ನೈಸ್ ಕಲ್ಲಿನ ಮೇಲೆ ಹೊಳೆ ಹಾಸಿದ ಉರುಟುಕಲ್ಲಿನ ಪದರ, ಅದರ ಮೇಲೆ ಮರಳು, ಆಮೇಲೆ ತೋಟದ ಮಣ್ಣು. ಬಿರುಕು ಕಡಿದ ಪದರ ಕೊನೆಯ ಜಾರಿಕೆಗಿಂತ ಹಳೆಯದು. ಮುರಿಯದೆ ಬಿರುಕನ್ನು ಮುಚ್ಚಿಕೊಂಡ ಪದರ ಹೊಸದು. ಇಷ್ಟೇ ಲೆಕ್ಕ.

ಆದರೆ ಸುಮ್ನೆ ಕಣ್ಣಳತೆಯಲ್ಲಿ ನಂಬಬಾರದು. ಗೋಡೆಯನ್ನು ಕರಣೆಯಿಂದ ಕೆರೆದು, ನೀರು ಚಿಮುಕಿಸಿ, ಮೊಳೆ ಹೊಡೆದು ನೂಲು ಎಳೆದೆ. ಉರುಟುಕಲ್ಲಿನ ಪದರದ ತಳ ಎರಡೂ ಬದಿಯಲ್ಲಿ ಒಂದೇ ಮಟ್ಟದಲ್ಲಿತ್ತು. ಪದರ ಜಾರಿದ್ದರೆ ಬಿರುಕಿನ ನೇರಕ್ಕೆ ಕಲ್ಲುಗಳು ತಿರುಗಿ ನೆಟ್ಟಗೆ ನಿಲ್ಲುವುದುಂಟು. ಇಲ್ಲಿ ಎಲ್ಲವೂ ಮಲಗಿದ್ದವು.

ಇನ್ನೂ ಎರಡು ಅನುಮಾನ ಬಗೆಹರಿಯಬೇಕಿತ್ತು. ಕೆಲವು ಸ್ತರಭಂಗಗಳು ಮೇಲೆ ಹೋದಂತೆ ತಾವಾಗಿಯೇ ಕ್ಷೀಣಿಸುತ್ತವೆ. ಆಗ ಮುರಿಯದ ಪದರಕ್ಕೆ ಬೆಲೆಯಿಲ್ಲ. ಪುಣ್ಯಕ್ಕೆ, ಉರುಟುಕಲ್ಲಿಗಿಂತ ಒಂದು ಗೇಣು ಕೆಳಗೆ ಇನ್ನೊಂದು ಬೆಣಚಿನ ಎಳೆ ಸಿಕ್ಕಿತು. ಅದೂ ಒಂದು ಮೊಳವೇ ಜಾರಿತ್ತು. ಅಂದರೆ ಜಾರಿದ ಕಲ್ಲನ್ನು ಹೊಳೆ ಸವೆಸಿ ಸಮ ಮಾಡಿ, ಆಮೇಲೆ ಉರುಟುಕಲ್ಲು ಹಾಸಿದೆ. ಎರಡನೆಯದು, ಕಲ್ಲು ಅಡ್ಡಕ್ಕೆ ಜಾರಿದ್ದರೆ ಸಮತಟ್ಟು ಪದರದಲ್ಲಿ ಏನೂ ಕಾಣುವುದಿಲ್ಲ ಅಲ್ವಾ? ಗೀರುಗಳು ನೆಟ್ಟಗಿದ್ದುದರಿಂದ ಆ ಚಿಂತೆಯೂ ಹೋಯಿತು.

ನಮ್ಮ ಕಡೆ ಜಾಸ್ತಿ ಜನ ಮುರಕಲ್ಲಿನಲ್ಲಿ (ಜಂಬಿಟ್ಟಿಗೆ ಕಲ್ಲು) ಬಿರುಕು ತೋರಿಸಿ ಕೇಳುತ್ತಾರೆ. ಮುರಕಲ್ಲು ನೀರು ತಂದು ಹಾಸಿದ ಪದರವಲ್ಲ. ಹೆಚ್ಚಿನ ಕಡೆ ಇದ್ದ ಕಲ್ಲೇ ನಿಂತಲ್ಲಿ ಶಿಥಿಲವಾಗಿ ಆದದ್ದು. ಅದರಲ್ಲಿ ಬಿರುಕು ಕಾಣದಿದ್ದರೆ ಅಳಿಸಿಹೋಗಿರಲೂಬಹುದು. ಹಾಗಾಗಿ ಅದನ್ನು ಸಾಕ್ಷಿಗೆ ಕರೆಯುವುದಿಲ್ಲ.

ಇಷ್ಟಾದರೂ ಮೇಲಿನ ಪದರ ಹೇಳುವುದು "ನಾನು ಬರುವ ಹೊತ್ತಿಗೆ ನಿಂತಿತ್ತು" ಎಂದು ಮಾತ್ರ. ರಾಮದುರ್ಗದ ಕಡೆ ಬಾಗಿದ ಹಳೆಯ ಕಲಾದಗಿ ಪದರಗಳ ಮೇಲೆ ಬಾದಾಮಿ ಮರಳುಗಲ್ಲು ಹೆಚ್ಚುಕಡಿಮೆ ಸಮತಟ್ಟಾಗಿ ಕೂತಿದೆ. ಅಲ್ಲಿ ಕಲಾದಗಿ ಪದರವನ್ನು ಕಡಿದು ಬಾದಾಮಿ ಕಲ್ಲನ್ನು ಮುಟ್ಟದ ಬಿರುಕಿದ್ದರೆ, ಅದು ಜಾರಿದ ಕಾಲವನ್ನು ಆ ಎರಡರ ವಯಸ್ಸಿನ ನಡುವೆ ಹುಡುಕಬಹುದು. ನಮ್ಮ ಬಾವಿಯಲ್ಲಿ ಕೆಳಗಿನ ಮಿತಿ ನೈಸ್ ಕಲ್ಲೇ, ಅದಕ್ಕೂ ಉರುಟುಕಲ್ಲಿಗೂ ನಡುವೆ ಕೋಟಿಗಟ್ಟಲೆ ವರ್ಷದ ಖಾಲಿ ಜಾಗ.

ಪದರದ ವಯಸ್ಸಿಗೆ ಇದ್ದಿಲ ಚೂರೊಂದು ಸಿಕ್ಕಿತ್ತು. ಕಾರ್ಬನ್ ಪರೀಕ್ಷೆ ಸುಮಾರು 50,000 ವರ್ಷದವರೆಗೆ ನಡೆಯುತ್ತದೆ. ಆದರೆ ಹೊಳೆ ಹಳೆಯ ಇದ್ದಿಲನ್ನೂ ತಂದಿರಬಹುದು. ಆಗ ಪದರಕ್ಕೆ ಇಲ್ಲದ ವಯಸ್ಸು ಬರುತ್ತದೆ. ಹಾಗಾಗಿ ಮರಳನ್ನೂ ತೆಗೆದೆ. ಮರಳಿನ ಕಣ ಕೊನೆಗೆ ಬಿಸಿಲು ಕಂಡದ್ದು ಯಾವಾಗ ಎಂದು ಅಳೆಯಬಹುದು. ಕಬ್ಬಿಣದ ಪೈಪು ಬಡಿದು, ಬೆಳಕು ತಾಗದಂತೆ ಎರಡೂ ಬಾಯಿ ಮುಚ್ಚಿ, ಕಪ್ಪು ಬಟ್ಟೆಯಲ್ಲಿ ಸುತ್ತಿದೆ.

ತೋಟದವರಿಗೆ ಹೇಳಿದೆ: "ಹೊಳೆ ಈ ಉರುಟುಕಲ್ಲು ಹಾಸಿದ ಮೇಲೆ ಈ ಬಿರುಕು ಒಮ್ಮೆಯೂ ಜಾರಿಲ್ಲ." ಅವರು ಗೋಡೆ ಕಟ್ಟುವ ಕೆಲಸವನ್ನು ಒಂದು ದಿನ ನಿಲ್ಲಿಸಿ ಕೊಟ್ಟರು. ಮರುದಿನ ಸಂಜೆಯ ಹೊತ್ತಿಗೆ ಬಿಳಿ ಎಳೆಗಳು ಎರಡೂ ಮುರಕಲ್ಲಿನ ಹಿಂದೆ ಮರೆಯಾದವು.