ನೆರೆಯನ್ನು ತಾಳಿಕೊಳ್ಳುವ ನಗರ: ನೀರಿನ ದಾರಿಯಿಂದ ಯೋಜನೆ ಆರಂಭಿಸುವ ಬಗೆ

ಬಡಾವಣೆಯ ನಕ್ಷೆಯಲ್ಲಿ ಸಾಮಾನ್ಯವಾಗಿ ರಸ್ತೆಯ ಗೆರೆ ಮೊದಲು ಬೀಳುತ್ತದೆ, ನಿವೇಶನಗಳು ಆಮೇಲೆ ಬರುತ್ತವೆ, ಉಳಿದ ಸಂದಿಯಲ್ಲಿ ಚರಂಡಿಯನ್ನು ಹೇಗೋ ತೂರಿಸಲಾಗುತ್ತದೆ. ನೆರೆಯನ್ನು ತಾಳಿಕೊಳ್ಳುವ ನಗರ ಬೇಕಾದರೆ ಈ ಕ್ರಮವನ್ನೇ ತಿರುವಿಹಾಕಬೇಕು. ನೀರು ಎಲ್ಲಿ ಬೀಳುತ್ತದೆ, ಯಾವ ಕಡೆ ಹರಿಯುತ್ತದೆ, ಎಲ್ಲಿ ನಿಲ್ಲುತ್ತದೆ ಎಂಬುದನ್ನು ಮೊದಲು ಗುರುತಿಸಿ, ರಸ್ತೆ ಮತ್ತು ಕಟ್ಟಡಗಳನ್ನು ಅದಕ್ಕೆ ಹೊಂದಿಸಬೇಕು.

ನಕ್ಷೆ ಬರೆಯುವಾಗ ವಾರ್ಡಿನ ಗಡಿಯನ್ನು ಬದಿಗಿಟ್ಟು ಜಲಾನಯನದ, ಅಂದರೆ ಬಿದ್ದ ಮಳೆಯೆಲ್ಲ ಒಂದೇ ಹಳ್ಳಕ್ಕೋ ಕೆರೆಗೋ ಹರಿದು ಸೇರುವ ಪ್ರದೇಶದ, ಗಡಿಯನ್ನು ಹಿಡಿಯಿರಿ. ನೆಲದ ಏರಿಳಿತವನ್ನು ತೋರಿಸುವ ನಕ್ಷೆಯ ಮೇಲೆ ಹಳೆಯ ಸರ್ವೆ ನಕ್ಷೆಯಲ್ಲಿರುವ ಹಳ್ಳ, ಕೆರೆ, ಜೌಗು ಪ್ರದೇಶಗಳನ್ನು ಗುರುತಿಸಿ. ಮಣ್ಣು ತುಂಬಿ ಮುಚ್ಚಿದ ಹಳ್ಳವನ್ನೂ ಬಿಡಬೇಡಿ, ಏಕೆಂದರೆ ದೊಡ್ಡ ಮಳೆಯ ದಿನ ನೀರು ಹುಡುಕಿಕೊಂಡು ಬರುವುದು ಆ ತಗ್ಗನ್ನೇ. ಗೋಡೆಗಳ ಮೇಲೆ ಉಳಿದ ಕೆಸರಿನ ಗೆರೆಯನ್ನೂ ಹಿರಿಯ ನಿವಾಸಿಗಳ ನೆನಪನ್ನೂ ದಾಖಲಿಸಿಕೊಳ್ಳಿ. ಸಾಧ್ಯವಾದರೆ ಮಳೆ ಸುರಿಯುತ್ತಿರುವಾಗಲೇ ಒಮ್ಮೆ ಆ ಪ್ರದೇಶದಲ್ಲಿ ನಡೆದು ನೋಡಿ. ಕಂಪ್ಯೂಟರಿನ ಮಾದರಿಗೆ ಕಾಣದ ಎಷ್ಟೋ ಸಂಗತಿಗಳು ಅಲ್ಲಿ ಕಾಲಿಗೆ ತಾಗುತ್ತವೆ.

ಬಳಿಕ ಲೆಕ್ಕ ಹಾಕಿ. 1 ಹೆಕ್ಟೇರ್ ನೆಲದ ಮೇಲೆ 50 ಮಿ.ಮೀ. ಮಳೆ ಬಿದ್ದರೆ ಅದು 500 ಘನ ಮೀಟರ್, ಅಂದರೆ 5 ಲಕ್ಷ ಲೀಟರ್ ನೀರು. ಡಾಂಬರು ಮತ್ತು ಕಾಂಕ್ರೀಟು ಅದರಲ್ಲಿ ಹೆಚ್ಚುಕಡಿಮೆ ಹತ್ತಕ್ಕೆ ಒಂಬತ್ತು ಪಾಲನ್ನು ಹರಿಯಬಿಡುತ್ತವೆ. ಹಾಗೆಯೇ ‘100 ವರ್ಷಕ್ಕೊಮ್ಮೆ ಬರುವ ನೆರೆ’ ಎಂಬ ಮಾತಿಗೆ ಪ್ರತಿ ವರ್ಷವೂ ನೂರರಲ್ಲಿ ಒಂದು ಸಾಧ್ಯತೆ ಎಂದಷ್ಟೇ ಅರ್ಥ. 30 ವರ್ಷ ಬಾಳುವ ಮನೆಗೆ ಅದು ಒಮ್ಮೆಯಾದರೂ ಎದುರಾಗುವ ಸಾಧ್ಯತೆ ಸುಮಾರು ಶೇ. 26.

ನದಿಯ ಪಕ್ಕದ ನೆರೆ ಬಯಲನ್ನು ಎಲ್ಲಕ್ಕಿಂತ ಮೊದಲು ಕಾಯ್ದಿರಿಸಬೇಕು. ಒಮ್ಮೆ ಅಲ್ಲಿ ಮನೆಗಳು ಎದ್ದರೆ ಮರಳಿ ಪಡೆಯುವುದು ಬಹಳ ಕಷ್ಟ. ನೆದರ್ಲೆಂಡ್ಸ್‌ನ ನೈಮೇಖನ್ ನಗರದಲ್ಲಿ ವಾಲ್ ನದಿಯ ಏರಿಯನ್ನು ಎತ್ತರಿಸುವ ಬದಲು 350 ಮೀಟರ್ ಹಿಂದಕ್ಕೆ ಸರಿಸಿ ಪಕ್ಕದಲ್ಲಿ ಇನ್ನೊಂದು ಕಾಲುವೆಯನ್ನು ತೋಡಲಾಯಿತು. ಇದರಿಂದ ನೆರೆಯ ಮಟ್ಟ ಸುಮಾರು 35 ಸೆಂ.ಮೀ. ತಗ್ಗುತ್ತದೆ. ಆದರೆ ಅದಕ್ಕಾಗಿ ಕೆಲವು ಕುಟುಂಬಗಳು ಮನೆ ಬಿಡಬೇಕಾಯಿತು ಎಂಬುದನ್ನು ಮರೆಯಬಾರದು. ನಗರದೊಳಗಿನ ಹಳ್ಳಗಳಿಗೂ ಇದೇ ನ್ಯಾಯ. ಸಿಂಗಪುರದ ಬಿಷಾನ್ ಉದ್ಯಾನದಲ್ಲಿ 2.7 ಕಿ.ಮೀ. ಉದ್ದದ ನೇರವಾದ ಕಾಂಕ್ರೀಟ್ ಕಾಲುವೆಯನ್ನು ಒಡೆದು, 3.2 ಕಿ.ಮೀ. ಉದ್ದಕ್ಕೆ ಬಳುಕುವ ಹೊಳೆಯಾಗಿ 2012ರ ಹೊತ್ತಿಗೆ ಮರುರೂಪಿಸಿದರು. ಬೇರೆ ದಿನಗಳಲ್ಲಿ ಜನ ಓಡಾಡುವ ಹುಲ್ಲಿನ ಇಳಿಜಾರೇ ಮಳೆಯ ದಿನ ಹೊಳೆಯ ಪಾತ್ರವಾಗುತ್ತದೆ.

ಬೀದಿಯ ಮಟ್ಟದಲ್ಲಿ ಹೆಚ್ಚು ಉಪಯುಕ್ತವಾದದ್ದು ಮಳೆತೋಟ, ಅಂದರೆ ರಸ್ತೆಯ ನೀರನ್ನು ಇಂಗಿಸುವ ತಗ್ಗಿನ ಪಾತಿ. ಹೆಚ್ಚಿನ ತಪ್ಪುಗಳೂ ಇಲ್ಲಿಯೇ ಆಗುವುದರಿಂದ ಸ್ವಲ್ಪ ವಿವರವಾಗಿ ಹೇಳುತ್ತೇನೆ. ಮೊದಲು ಮೊಣಕಾಲಷ್ಟು ಆಳದ ಗುಂಡಿ ತೋಡಿ, ನೀರು ತುಂಬಿಸಿ, ಅದು ಇಂಗಿದ ಮೇಲೆ ಮತ್ತೊಮ್ಮೆ ತುಂಬಿಸಿ, ಗಂಟೆಗೆ ನೀರು ಎಷ್ಟು ಇಳಿಯುತ್ತದೆ ಎಂದು ಅಳೆಯಿರಿ. ಗಂಟೆಗೆ ಒಂದೂಕಾಲು ಸೆಂ.ಮೀ.ಗಿಂತಲೂ ಕಡಿಮೆ ಇಳಿಯುವ ಜಿಗುಟು ಮಣ್ಣಾದರೆ ಪಾತಿಯ ತಳದಲ್ಲಿ ಜಲ್ಲಿ ಹಾಗೂ ತೂತಿರುವ ಕೊಳವೆ ಬೇಕಾಗುತ್ತದೆ. ಪಾತಿಯಲ್ಲಿ 15ರಿಂದ 20 ಸೆಂ.ಮೀ. ನೀರು ನಿಲ್ಲಲಿ, ಆದರೆ ಎರಡು ದಿನದೊಳಗೆ ಅದು ಬತ್ತಬೇಕು. ಸೊಳ್ಳೆ ಮೊಟ್ಟೆಯಿಂದ ಹಾರುವ ಹಂತಕ್ಕೆ ಬರಲು ಸುಮಾರು ಒಂದು ವಾರ ಬೇಕಾಗುವುದರಿಂದ ಅಲ್ಲಿ ಸೊಳ್ಳೆಗೆ ಅವಕಾಶವಿರುವುದಿಲ್ಲ. ಪಾತಿಯ ಮಣ್ಣು ರಸ್ತೆಯ ಅಂಚಿಗಿಂತ ಕೆಳಗಿರಬೇಕು, ಅಂಚುಗಲ್ಲಿನಲ್ಲಿ ನೀರು ಒಳಬರುವ ಬಾಯಿ ಇರಬೇಕು. ಇದು ಎಲ್ಲರಿಗೂ ತಿಳಿದ ಮಾತೇ. ಆದರೂ ಗಿಡ ನೆಡುವವರು ಪಾತಿಗೆ ಮಣ್ಣನ್ನು ದಿಬ್ಬದಂತೆ ಏರಿಸಿಬಿಡುತ್ತಾರೆ, ಅಂಚುಗಲ್ಲು ಉದ್ದಕ್ಕೂ ಮುಚ್ಚಿಕೊಂಡಿರುತ್ತದೆ, ಮಳೆ ಬಂದಾಗ ನೀರು ಪಾತಿಯನ್ನು ಮುಟ್ಟದೆ ರಸ್ತೆಯಲ್ಲೇ ಹರಿಯುವುದಲ್ಲದೆ ಪಾತಿಯ ಕೆಸರೂ ರಸ್ತೆಗೆ ಇಳಿಯುತ್ತದೆ. ಕೆಲಸ ಮುಗಿದ ದಿನ ಒಂದು ಟ್ಯಾಂಕರ್ ನೀರನ್ನು ರಸ್ತೆಗೆ ಬಿಟ್ಟು, ಅದು ಒಳಗೆ ತಿರುಗುತ್ತದೆಯೇ ಎಂದು ಕಣ್ಣಾರೆ ನೋಡಿದ ಮೇಲೆಯೇ ಬಿಲ್ಲಿಗೆ ಸಹಿ ಹಾಕಿ.

ಇಷ್ಟೆಲ್ಲ ಮಾಡಿದರೂ ಅತಿ ದೊಡ್ಡ ಮಳೆಯನ್ನು ಮಣ್ಣು ಮತ್ತು ಗಿಡಗಳೇ ಹೊರಲಾರವು. ‘ಸ್ಪಾಂಜ್ ನಗರ’ದ, ಅಂದರೆ ಮಳೆನೀರನ್ನು ಸ್ಪಂಜಿನಂತೆ ಹೀರಿ ಹಿಡಿದಿಡುವ ನಗರದ, ಕಾಮಗಾರಿಗಳನ್ನು ಕೈಗೊಂಡಿದ್ದ ಚೀನಾದ ಝೆಂಗ್‌ಝೌನಲ್ಲಿ 2021ರ ಜುಲೈ 20ರಂದು ಒಂದೇ ಗಂಟೆಯಲ್ಲಿ 201.9 ಮಿ.ಮೀ. ಮಳೆ ಸುರಿದು, ಸುರಂಗ ರೈಲಿನೊಳಗೂ ನೀರು ನುಗ್ಗಿ ಜನ ಸತ್ತರು. ಆದ್ದರಿಂದ ಮಿತಿ ಮೀರಿದ ನೀರು ಮನೆ, ಆಸ್ಪತ್ರೆ, ಸುರಂಗಗಳ ಬಾಗಿಲನ್ನು ತಪ್ಪಿಸಿ ಹರಿಯುವ ದಾರಿಯನ್ನು ಯೋಜನೆಯಲ್ಲೇ ಗೊತ್ತುಮಾಡಬೇಕು. 2011ರ ಜುಲೈಯ ಭಾರೀ ಮಳೆಯಲ್ಲಿ ಮುಳುಗಿದ ಕೋಪನ್‌ಹೇಗನ್ ಮರುವರ್ಷವೇ ಇಂತಹ ಯೋಜನೆ ರೂಪಿಸಿತು: 100 ವರ್ಷಕ್ಕೊಮ್ಮೆ ಬರುವ ಮಳೆಯಲ್ಲೂ ರಸ್ತೆಯ ಮೇಲೆ 10 ಸೆಂ.ಮೀ.ಗಿಂತ ಹೆಚ್ಚು ನೀರು ನಿಲ್ಲಬಾರದು ಎಂಬುದು ಅದರ ಗುರಿ. ಕೆರೆಗೆ ಕೋಡಿ ಇಟ್ಟವರಿಗೆ ಈ ತತ್ವ ಹೊಸದಲ್ಲ.

ನಿರ್ವಹಣೆಯ ಹಣವನ್ನು ಮೂಲ ಅಂದಾಜು ಪಟ್ಟಿಯಲ್ಲೇ ಸೇರಿಸಿ, ಯಾವ ಪಾತಿ, ಯಾವ ಹೊಂಡ ಯಾರ ಜವಾಬ್ದಾರಿ ಎಂದು ಬರಹದಲ್ಲಿ ಗೊತ್ತುಮಾಡಿ. ಮಳೆಗಾಲಕ್ಕೆ ಮುಂಚೆ ಒಮ್ಮೆ, ಪ್ರತಿ ಜೋರು ಮಳೆಯ ನಂತರ ಮತ್ತೊಮ್ಮೆ ಪಾತಿಯ ಬಾಯಿಯಲ್ಲಿ ಕಟ್ಟಿಕೊಂಡ ಎಲೆ, ಪ್ಲಾಸ್ಟಿಕ್ ಮತ್ತು ಹೂಳನ್ನು ತೆಗೆಸಬೇಕು; ನೀರು ಇಂಗುವ ಇಟ್ಟಿಗೆಯ ನೆಲಹಾಸಿನ ಸಂದುಗಳಲ್ಲಿ ಸೇರಿದ ಸಣ್ಣ ಮಣ್ಣನ್ನು ಹೀರಿ ತೆಗೆಸದಿದ್ದರೆ ಅದು ಕೆಲವೇ ವರ್ಷಗಳಲ್ಲಿ ಕಾಂಕ್ರೀಟಿನಂತೆಯೇ ನೀರನ್ನು ಹೊರಗೆ ಹರಿಯಬಿಡುತ್ತದೆ.